ಬೀದಿ ಕೊನೆಯ ಚರ್ಚು ‘ಅವರದ್ದು’ ಮಾತ್ರವಲ್ಲ

ಮಾನ್ಯರೇ,

ಇಂಗ್ಲೆಂಡಿನ ಊರಂಚಿನ ಬಡಾವಣೆಗಳಲ್ಲಿ ನೆಲೆಸುವ ಕನ್ನಡಿಗರಲ್ಲಿ ಅನೇಕರು ಹತ್ತಿರದ ಆಂಗ್ಲಿಕನ್ ಚರ್ಚನ್ನು ‘ಅದು ಅವರದ್ದು’ ಎಂದುಕೊಂಡು ದಾಟಿ ಹೋಗುತ್ತಾರೆ. ಅಲ್ಲಿನ ಕಾನೂನು ಹಾಗೆ ಹೇಳುವುದಿಲ್ಲ. ಈ ಆಂಗ್ಲಿಕನ್ ಚರ್ಚುಗಳು ಸೇರಿರುವ ಚರ್ಚ್ ಆಫ್ ಇಂಗ್ಲೆಂಡ್ ಆ ದೇಶದ ಅಧಿಕೃತ ಚರ್ಚು. ಬಹುತೇಕ ಪ್ರತಿ ಮನೆಯೂ ಯಾವುದಾದರೊಂದು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶದ, ಎಲ್ಲೆಯೊಳಗೇ ಇರುತ್ತದೆ. ‘ಎ ಚರ್ಚ್ ನಿಯರ್ ಯು’ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ.

ಪ್ಯಾರಿಷ್‌ನಲ್ಲಿ ವಾಸಿಸುವ ಹೆಣ್ಣು-ಗಂಡಿಗೆ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿರದಿದ್ದರೂ, ಅಲ್ಲಿ ಮದುವೆಯಾಗುವ ಹಕ್ಕಿದೆ. ವಿಚ್ಛೇದಿತರ ವಿಷಯ ಮಾತ್ರ ಪಾದ್ರಿಯ ವಿವೇಚನೆಗೆ ಬಿಟ್ಟದ್ದು. ಭಾರತದ ಪಾಸ್‌ಪೋರ್ಟ್ ಇರುವವರು ಎಡವುವುದು ಇನ್ನೊಂದು ಕಡೆ. ಮದುವೆಗೆ ಮುಂಚಿನ ಮೂರು ತಿಂಗಳೊಳಗೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದುವ ‘ಬ್ಯಾನ್ಸ್’ ಪದ್ಧತಿ ಸಾಮಾನ್ಯವಾಗಿ ಅವರಿಗೆ ಸಾಲದು. ರಿಜಿಸ್ಟರ್ ಕಚೇರಿಗೆ ನೋಟಿಸ್ ಕೊಟ್ಟು, ಕನಿಷ್ಠ 28 ದಿನ ಕಾದು, ಪ್ರಮಾಣಪತ್ರ ತರಬೇಕು. ಆಮಂತ್ರಣ ಅಚ್ಚು ಹಾಕಿಸುವ ಮೊದಲೇ ಇದನ್ನು ಕೇಳಿಕೊಳ್ಳುವುದು ಒಳಿತು.

ಇನ್ನೊಂದು ಸಂಗತಿ ಅಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಚರ್ಚಿನ ಕಟ್ಟಡ, ಸೊತ್ತು ನೋಡಿಕೊಳ್ಳುವ ಇಬ್ಬರು ಚರ್ಚ್‌ವಾರ್ಡನ್‌ಗಳನ್ನು ಪ್ರತಿ ವರ್ಷ ಮೇ 31ರೊಳಗೆ ಪ್ಯಾರಿಷ್ ನಿವಾಸಿಗಳ ಸಭೆ ಆರಿಸುತ್ತದೆ. ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ನಿವಾಸಿ ಅಲ್ಲಿ ಮತ ಹಾಕಬಹುದು. ಧರ್ಮ ಯಾವುದೆಂದು ಕೇಳುವುದಿಲ್ಲ. ಕಾಮನ್‌ವೆಲ್ತ್ ಪ್ರಜೆಗಳಾಗಿ ಭಾರತೀಯರೂ ಆ ಪಟ್ಟಿಗೆ ಸೇರಬಹುದು. ಸ್ಪರ್ಧಿಸಲು ಮಾತ್ರ ದೀಕ್ಷಾಸ್ನಾನ ಆಗಿ ಚರ್ಚಿನ ಸದಸ್ಯರ ಪಟ್ಟಿಯಲ್ಲಿರಬೇಕು.

ಭಾನುವಾರದ ಆರಾಧನೆಗೆ ಹೋದರೆ ಕಾಣಿಕೆ ತಟ್ಟೆ ಬಂದಾಗ ಏನೂ ಹಾಕದೆ ಪಕ್ಕದವರಿಗೆ ದಾಟಿಸಬಹುದು. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿಗೆ ಕುಳಿತಲ್ಲೇ ಇರಬಹುದು. ಮುಂದೆ ಹೋಗಿ ಎದೆಯ ಮೇಲೆ ಕೈ ಅಡ್ಡ ಇಟ್ಟರೆ ಪಾದ್ರಿ ಆಶೀರ್ವಾದ ಮಾತ್ರ ಮಾಡುತ್ತಾರೆ. ನಿಜವಾದ ಸ್ವಾಗತ ಗೊತ್ತಾಗುವುದು ಆಮೇಲಿನ ಕಾಫಿಯಲ್ಲಿ. ಹಳಬರು ತಮ್ಮತಮ್ಮಲ್ಲೇ ಮಾತಿಗಿಳಿದು, ಹೊಸಬರು ಬಿಸ್ಕತ್ತು ಹಿಡಿದು ಗೋಡೆಗೆ ಒರಗುವುದುಂಟು. ಇದು ಸೊಕ್ಕಿನಿಂದಲ್ಲ. ಬಾಗಿಲಲ್ಲಿ ಬರಮಾಡಿಕೊಂಡವರೇ ಕಾಣಿಕೆ ಎಣಿಸಬೇಕು, ಕಾಫಿ ಕಪ್‌ಗಳನ್ನು ತೊಳೆಯಬೇಕು. ಕಾಫಿ ಬೇರೆ ಕಟ್ಟಡದಲ್ಲಿದ್ದರಂತೂ ಹೊಸಬರು ನಡುದಾರಿಯಲ್ಲೇ ಜಾರಿಕೊಳ್ಳುತ್ತಾರೆ. ಚೆನ್ನಾಗಿ ನಡೆಯುವ ಚರ್ಚುಗಳು ಬಾಗಿಲ ಬಳಿಯೇ ಕಾಫಿ ಇಟ್ಟು, ಬೇರೆ ಕೆಲಸವಿಲ್ಲದ ಒಬ್ಬರನ್ನು ಮಾತಾಡಿಸಲೆಂದೇ ಬಿಡುತ್ತವೆ. ಹಿಂಭಾಗದ ಬೆಂಚು ತೆಗೆದು ಅಲ್ಲೇ ಅಡುಗೆಮನೆ ಕಟ್ಟೋಣವೆಂದರೆ ಡಯಾಸಿಸ್ (ಬಿಷಪ್ಪರ ವ್ಯಾಪ್ತಿಯ ಪ್ರದೇಶ) ನ್ಯಾಯಾಲಯದ ಅನುಮತಿ, ‘ಫ್ಯಾಕಲ್ಟಿ’, ಬೇಕು. ಅದು ಬೇಗ ಸಿಗುವಂಥದ್ದಲ್ಲ.

ಮಕ್ಕಳ ಗುಂಪಿಗೆ ನೆರವಾಗಲು ಹೊರಟವರಿಗೆ ಪೊಲೀಸ್ ದಾಖಲೆ ಪರಿಶೀಲನೆ, ತರಬೇತಿ ಕಡ್ಡಾಯ. ನಿಮ್ಮ ಮೇಲೆ ಅನುಮಾನವೆಂದು ಬೇಸರಿಸಬೇಡಿ, ಎಲ್ಲರಿಗೂ ಅದೇ ನಿಯಮ.

ಹಬ್ಬಕ್ಕೆ ಚರ್ಚಿನ ಹಾಲ್ ಬಾಡಿಗೆಗೆ ಹಿಡಿಯುವವರು ಪೂಜೆಗೆ ಒಪ್ಪಿಗೆ ಇದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಲಿ. ಹಾಡು, ನೃತ್ಯ, ಊಟಕ್ಕೆ ಸರಿಯೆಂದವರು ಪೂಜೆಗೆ ಬೇಡವೆನ್ನಬಹುದು. ಕರ್ಪೂರ, ಊದುಬತ್ತಿ ಹಚ್ಚಿದರೆ ಹೊಗೆ ಅಲಾರಂ ಹೊಡೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕಾದೀತು.

ಇತಿ,
ಒಬ್ಬ ಓದುಗ