ರಕ್ತ ಯಾಕೆ ಕಡಿಮೆಯಾಯ್ತು ಅಂತಲೂ ನೋಡಿ

ಮಾನ್ಯರೇ,

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ತುಂಬಾ ಒಳ್ಳೆಯ ಕೆಲಸ. ಆದರೆ ಕೆಲವು ಮಕ್ಕಳು ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಜೊತೆಗೆ ಪದೇ ಪದೇ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಯೋದು ಇದ್ದರೆ ಸುಮ್ನೆ ಟಾನಿಕ್ ಬದಲಾಯಿಸುತ್ತಾ ಕೂರಬಾರದು. ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತ ಇರಬಹುದು.

ನಮ್ಮ ಅಕ್ಕನ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ರಕ್ತ ಪರೀಕ್ಷೆ ಮಾಡಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಅಂಶ) 60 ಇದೆ, ನಾರ್ಮಲ್ ಅಂದುಬಿಟ್ಟರು. ಆದರೆ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆಗ 100ರ ತನಕ ಇದ್ದರೂ ಕಬ್ಬಿಣಾಂಶ ಕಡಿಮೆ ಇರಬಹುದು. ಅದಕ್ಕೇ ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ, ರಕ್ತದಲ್ಲಿ ಓಡಾಡುವ ಕಬ್ಬಿಣಾಂಶ ಸಾಕಷ್ಟಿದೆಯಾ ಅಂತ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎರಡನ್ನೂ ಸೇರಿಸಿ ನೋಡಬೇಕು. ಕರುಳು ಕೆರಳಿರುವಾಗ ಮಾತ್ರೆಯ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದೂ ಇಲ್ಲ. ಆಗ ಡ್ರಿಪ್‌ನಲ್ಲಿ ಕೊಡುತ್ತಾರೆ, ಕರುಳಿನ ಕಾಯಿಲೆಗೂ ಚಿಕಿತ್ಸೆ ನಡೆಯಬೇಕು. ಸಣ್ಣಕರುಳಿನ ಕೊನೆಯ ಭಾಗ ಕೆಟ್ಟಿದ್ದರೆ ಅಲ್ಲೇ ಮೈಗೆ ಹತ್ತುವ ವಿಟಮಿನ್ ಬಿ12 ಕೂಡ ನೋಡಿಸಬೇಕು.

ಮಕ್ಕಳ ಕರುಳಿನ ತಜ್ಞರು ಸಿಗುವುದು ದೊಡ್ಡ ಊರುಗಳಲ್ಲೇ ಜಾಸ್ತಿ ಅಲ್ವಾ? ಹಾಗಾಗಿ ಇಂಥ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಗುರುತಿಸಿ ಕಳುಹಿಸುವ ವ್ಯವಸ್ಥೆ ಆಗಲಿ. ಕರುಳಿನಲ್ಲಿ ಉರಿಯೂತ ಇದೆಯಾ ಅಂತ ಸುಳಿವು ಕೊಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯನ್ನು ಆರೋಗ್ಯ ಇಲಾಖೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಉಚಿತವಾಗಿ ಮಾಡಿಸಲಿ.

– ಒಬ್ಬ ಓದುಗ, ಹಾಸನ