ಉತ್ತರವಿಲ್ಲದ ಪ್ರಶ್ನೆಯನ್ನು ಕೊಟ್ಟವರಿಗೆ

ಬೆಂಗಳೂರಿನ ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ನನ್ನ ಮಗಳಿಗೆ ಲೆಕ್ಕ ಹೇಳಿಕೊಟ್ಟು, ಹೆಸರನ್ನೂ ಹೇಳದೆ ಹೊರಟ ಹಿರಿಯರಿಗೆ ಈ ಮೂಲಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ. ಎರಡಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯನ್ನೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದೇ ಎಂದು ಕೇಳಿ, ನೋಟುಪುಸ್ತಕದ ಅಂಚಿನಲ್ಲಿ 28 = 5 + 23, ಮತ್ತೆ 28 = 11 + 17 ಎಂದು ಬರೆದು, ಮುಂದಿನದನ್ನು ನೀವು ಅವಳಿಗೇ ಬಿಟ್ಟಿರಿ. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಅವರು ಮತ್ತೊಬ್ಬ ಗಣಿತಜ್ಞ ಆಯ್ಲರ್ ಅವರಿಗೆ ಬರೆದ ಪತ್ರದಿಂದ ಹುಟ್ಟಿದ ಈ ಪ್ರಶ್ನೆಗೆ ಉತ್ತರ ಹೌದೆಂದು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ, ಕಂಪ್ಯೂಟರುಗಳು ಅಗಾಧ ಸಂಖ್ಯೆಗಳವರೆಗೆ ಪರೀಕ್ಷಿಸಿದ್ದರೂ ಪರೀಕ್ಷೆ ಬೇರೆ, ಎಲ್ಲ ಸಂಖ್ಯೆಗಳಿಗೂ ನಿಜವೆಂದು ಸಾಧಿಸುವುದು ಬೇರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದೇ ನನಗೆ ಹೆಚ್ಚು ಹಿಡಿಸಿತು. ಕೊನೆಯ ಪುಟದ ಉತ್ತರ ನೋಡಿ ಲೆಕ್ಕ ಮುಗಿಸುತ್ತಿದ್ದವಳು (ಆ ಚಾಳಿ ನಮ್ಮ ಮನೆತನದ್ದೇ) ಈಗ 100ನ್ನು ಆರು ಬಗೆಯಲ್ಲಿ ಒಡೆದು ತೋರಿಸಿ, ಸಂಖ್ಯೆ ದೊಡ್ಡದಾದಂತೆ ಬಗೆಗಳು ಸಾಮಾನ್ಯವಾಗಿ ಏಕೆ ಹೆಚ್ಚುತ್ತವೆಂದು ನನ್ನನ್ನೇ ಕೇಳುತ್ತಿದ್ದಾಳೆ.