ಮಗಳಿಗೊಂದು ಪತ್ರ: ಅಗಲ ಕಾಲಿನ ಹಳೇ ಕಾಲದ ಪ್ಯಾಂಟು

ಮುದ್ದು ಮಗಳೇ,

ನೀನು ಕೇಳಿದ ಪ್ಯಾಂಟು 1930-40ರ ದಶಕದ್ದು, ಅಮೆರಿಕದಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಥರದ ನಟಿಯರು ತೊಡುತ್ತಿದ್ದ ಮಾದರಿ. ನಡುವಿನ ಮೇಲೆ ಸರಿಯಾಗಿ ಕೂರುವ ಪಟ್ಟಿ, ಮುಂದೆ ಎರಡು ಕಡೆಗೂ ಒಂದೊಂದು ನೆರಿಗೆ, ಎಡಪಕ್ಕದಲ್ಲಿ ಜಿಪ್ಪು, ಹಿಪ್‌ನಿಂದ ಪಾದದವರೆಗೆ ಅಡೆತಡೆಯಿಲ್ಲದೆ ಇಳಿಯುವ ಕಾಲು. ಬೆಲ್ ಬಾಟಮ್ ತೊಡೆಗೆ ಅಂಟಿ ಮಂಡಿಯ ಕೆಳಗೆ ಅರಳುತ್ತದೆ, ಇದು ತೊಡೆಯನ್ನು ಮುಟ್ಟುವುದೇ ಇಲ್ಲ. ಪಲಾಜೋ ಕಟಿಂಗ್‌ಗೆ ಪಟ್ಟಿ ಹಚ್ಚಿದರೂ ಇದು ಬರುವುದಿಲ್ಲ. ಪಲಾಜೋವನ್ನು ಎಲಾಸ್ಟಿಕ್ ಹಿಡಿದಿಡುತ್ತದೆ. ಇಲ್ಲಿ ಆ ಕೆಲಸವನ್ನೆಲ್ಲ ನಡುವಿನಿಂದ ಆಸನದವರೆಗಿನ, ಅಂದರೆ ಕಾಲುಗಳು ಕೂಡುವ ಜಾಗದವರೆಗಿನ, 11 ಇಂಚು ಮಾಡಬೇಕು. ನಿನ್ನ ಹೊತ್ತನ್ನೆಲ್ಲ ಅಲ್ಲೇ ಹಾಕು.

ಬಟ್ಟೆ ಭಾರವಾಗಿ ಇಳಿಯುವಂಥದ್ದಿರಲಿ: ಸೂಟಿಂಗ್, ದಪ್ಪ ಲಿನನ್, ತೂಕದ ರೇಯಾನ್ ಕ್ರೇಪ್. ಮೈಸೂರು ಕ್ರೇಪ್ ರೇಷ್ಮೆ ಚೆಂದ, ಆದರೆ ಈ ಹೊಲಿಗೆಗೆ ತೀರಾ ತೆಳು. ಸಡಿಲ ನೇಯ್ಗೆಯ ಕೈಮಗ್ಗವೂ ಬೇಡ, ಕುಳಿತಾಗ ಸೀಟಿನ ಹೊಲಿಗೆಯಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ. ನಿನ್ನ ಅಳತೆಗೆ ಎರಡೂವರೆ ಮೀಟರ್ ಬೇಕು. 58 ಇಂಚು ಪನ್ನ (ಬಟ್ಟೆಯ ಅಗಲ) ಇದ್ದರೆ ಕಡಿಮೆ ಸಾಕು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡ: ಮಡಚಿದಾಗ ಸಿಗುವುದು 29 ಇಂಚು, ಮುಂಭಾಗ ಹಿಂಭಾಗ ಅಕ್ಕಪಕ್ಕ ಇಟ್ಟರೆ ಆಸನದ ಹತ್ತಿರ 30 ದಾಟುತ್ತದೆ. ಒಂದರ ಕೆಳಗೆ ಒಂದು ಇಟ್ಟೇ ಕತ್ತರಿಸಬೇಕು. ಒಗೆಯುವ ಬಟ್ಟೆಯನ್ನು ಕತ್ತರಿ ಮುಟ್ಟಿಸುವ ಮುಂಚೆ ಒಮ್ಮೆ ಒಗೆದು ಇಸ್ತ್ರಿ ಮಾಡು.

ಅಳತೆಗೆ ಒಂದೂಕಾಲು ಇಂಚು ಅಗಲದ ಎಲಾಸ್ಟಿಕ್ಕನ್ನು ನಡುವಿನ ಅತಿ ಸಣ್ಣ ಜಾಗಕ್ಕೆ ಕಟ್ಟಿಕೋ. ಪಟ್ಟಿ ಕೂರುವುದು ಅಲ್ಲೇ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಎಲಾಸ್ಟಿಕ್ಕಿನ ಕೆಳಅಂಚಿನಿಂದ ಪಕ್ಕದಲ್ಲಿ ಕುರ್ಚಿಯವರೆಗೆ ಟೇಪು ಹಿಡಿ. ನಿನ್ನದು 10½ ಬಂದಿದೆ, ಅರ್ಧ ಇಂಚು ಸೇರಿಸಿ ಆಸನದ ಆಳ 11.

ನಿನ್ನ ನಡು 28, ಹಿಪ್ 38. ಒಂದು ಕಾಲಿನ ಮುಂಭಾಗ, ಹಿಂಭಾಗವನ್ನು ಕಾಗದದ ಮೇಲೆ ಬರೆದುಕೋ, ಅಳತೆಯೆಲ್ಲ ಇಂಚಿನಲ್ಲಿ. ಹಿಪ್ ಗೆರೆಯಲ್ಲಿ ಮುಂಭಾಗ 9¾, ಹಿಂಭಾಗ 10¼. ಆಸನದ ಗೆರೆಯಲ್ಲಿ ಮುಂದಿನ ಮೂಲೆಯನ್ನು (ಕಾಲುಗಳ ನಡುವೆ ಹೋಗುವ ತುದಿ) ಹಿಪ್ಪಿನ ಹದಿನಾರರಲ್ಲೊಂದು ಪಾಲು, ಅಂದರೆ 2⅜ ಹೊರಗೆ ಎಳೆ. ಹಿಂದಿನ ಮೂಲೆ ಅದರ ಎರಡರಷ್ಟು, 4¾. ಹಿಂದಿನ ಮೂಲೆಯನ್ನು ಕಾಲು ಇಂಚು ಕೆಳಗಿಳಿಸು, ಒಳಗಾಲಿನ ಹೊಲಿಗೆ ಎರಡೂ ಕಡೆ ಸಮ ಬರಲು. ನಡುವಿನಲ್ಲಿ ಮುಂದೆ ಕಳೆಯಬೇಕಾದ್ದು 2½: ಮಧ್ಯದಲ್ಲಿ ½, ಪಕ್ಕದಲ್ಲಿ ¾, ನೆರಿಗೆಗೆ 1¼. ಹಿಂದೆ 3: ಮಧ್ಯದಲ್ಲಿ 1, ಪಕ್ಕದಲ್ಲಿ ¾, 5 ಇಂಚು ಉದ್ದದ ಡಾರ್ಟಿಗೆ (ಮೊನೆಯಾಗಿ ಹೊಲಿಯುವ ಮಡಿಕೆ) 1¼. ಹಿಂಭಾಗದ ಮಧ್ಯವನ್ನು ನಡುವಿನ ಗೆರೆಗಿಂತ ¾ ಇಂಚು ಎತ್ತರಿಸು, ಕುಳಿತಾಗ ಬೇಕಾಗುವ ಉದ್ದ ಅದು.

ಆಸನದ ಗೆರೆಯ ಸರಿಯರ್ಧದಿಂದ ಕೆಳಗೆ ನೇರ ಗೆರೆ ಎಳೆ. ಇಸ್ತ್ರಿ ಗೆರೆ ಬೀಳುವುದು ಇಲ್ಲೇ, ಮುಂದಿನ ನೆರಿಗೆ ಹುಟ್ಟುವುದೂ ಇದರ ಮೇಲೇ. ಕಾಲಿನ ಕೆಳಅಂಚಿನ ಸುತ್ತು 24: ಮುಂದೆ 11½, ಹಿಂದೆ 12½, ಗೆರೆಯ ಎರಡೂ ಬದಿಗೆ ಸಮನಾಗಿ ಹಂಚು. ಹೊಲಿಗೆಗೆ ಪಕ್ಕದಲ್ಲೂ ಹಿಂದಿನ ಮಧ್ಯದಲ್ಲೂ 1 ಇಂಚು ಬಿಡು, ಉಳಿದೆಡೆ ⅝, ಕೆಳಗೆ 2½. ಬಟ್ಟೆಯ ಮೇಲೆ ಕಾಗದ ಇಟ್ಟಾಗ ಈ ಗೆರೆ ಹಾಸುನೂಲಿನ (ಬಟ್ಟೆಯ ಉದ್ದಕ್ಕಿರುವ ನೂಲು) ಜೊತೆಗೇ ಓಡಬೇಕು. ಬಟ್ಟೆಯ ಅಂಚಿನಿಂದ ಗೆರೆಯ ಮೇಲ್ತುದಿಗೂ ಕೆಳತುದಿಗೂ ಟೇಪು ಹಿಡಿದು ನೋಡು, ಎರಡೂ ಒಂದೇ ಬರಬೇಕು. ಸ್ವಲ್ಪ ಓರೆಯಾದರೂ ಕಾಲು ತಿರುಚಿಕೊಂಡು ಪಕ್ಕದ ಹೊಲಿಗೆ ಪಾದದ ಮುಂದಕ್ಕೆ ಬರುತ್ತದೆ. ಹೊಲಿದ ಮೇಲೆ ಅದಕ್ಕೆ ಮದ್ದಿಲ್ಲ.

ಮೊದಲು ಹಳೇ ಬೆಡ್‌ಶೀಟಿನಲ್ಲಿ ಮಂಡಿಯವರೆಗೆ ಮಾತ್ರ ಹೊಲಿದು ನೋಡು. ದಯವಿಟ್ಟು ಇದೊಂದನ್ನು ಬಿಡಬೇಡ. ನಿಂತು, ಕುಳಿತು, ಎರಡು ಮೆಟ್ಟಿಲು ಹತ್ತು. ಮುಂದೆ ಆಸನದಿಂದ ತೊಡೆಯ ಕಡೆಗೆ ಮೀಸೆಯ ಹಾಗೆ ಗೆರೆ ಎಳೆದರೆ ಮುಂದಿನ ಮೂಲೆ ಚಿಕ್ಕದು, ಕಾಲು ಇಂಚು ಸೇರಿಸು. ಹಿಂದೆ ಹೊಲಿಗೆ ಒಳಕ್ಕೆ ಕಚ್ಚಿದರೆ ಹಿಂದಿನ ಮೂಲೆಗೆ ಅರ್ಧ ಇಂಚು. ಕುಳಿತಾಗ ಬೆನ್ನಿನ ಕಡೆ ಪಟ್ಟಿ ಕೆಳಗೆ ಜಾರಿದರೆ ಹಿಂದಿನ ಮಧ್ಯವನ್ನು ಇನ್ನಷ್ಟು ಎತ್ತರಿಸು. ಅದೇ ಜಾಗದಲ್ಲಿ, ಪಟ್ಟಿಯ ಕೆಳಗೆ, ಅಡ್ಡ ಮಡಿಕೆ ಬಿದ್ದರೆ ಇಳಿಸು. ನೆರಿಗೆ ಬಾಯಿ ಬಿಟ್ಟರೆ ಹಿಪ್ ಬಿಗಿ, ಪಕ್ಕ ಬಿಡಿಸು. ಆಸನ ಜೋತುಬಿದ್ದರೆ ಮೇಲಿನಿಂದ, ನಡುವಿನ ಅಂಚಿನಲ್ಲಿ ಕತ್ತರಿಸು. ಎಲ್ಲರೂ ಎಡವುವ ಜಾಗ ಇನ್ನೊಂದಿದೆ: ನಡೆಯುವಾಗ ಬಿಗಿ ಎನಿಸಿತೆಂದು ಆಸನವನ್ನು ಕೆಳಕ್ಕೆ ಕೊರೆಯುವುದು. ಕಾಲುಗಳು ಕೂಡುವ ಜಾಗ ಕೆಳಗೆ ಹೋದಷ್ಟೂ ಹೆಜ್ಜೆ ಹಾಕಿದಾಗ ಇಡೀ ಪ್ಯಾಂಟು ಎಳೆಯುತ್ತದೆ, ಬಿಗಿ ಇನ್ನೂ ಹೆಚ್ಚುತ್ತದೆ.

ಒಳ್ಳೆ ಬಟ್ಟೆಗೆ 14ರ ಸೂಜಿ ಹಾಕು. ಡಾರ್ಟು, ನೆರಿಗೆ, ಓವರ್‌ಲಾಕ್ ಮುಗಿಸಿ ಎಡಪಕ್ಕಕ್ಕೆ 7 ಇಂಚಿನ ಜಿಪ್ಪು, ಜೇಬು ಬಲಕ್ಕೆ ಮಾತ್ರ. ಆಮೇಲೆ ಪಕ್ಕ, ಒಳಗಾಲು. ಈಗ ಒಂದು ಕಾಲನ್ನು ಸುಲ್ಟಾ ಮಾಡಿ (ಬಟ್ಟೆಯ ಸರಿಮುಖ ಹೊರಗೆ ಬರುವಂತೆ) ಉಲ್ಟಾ ಇರುವ ಇನ್ನೊಂದರ ಒಳಗೆ ತೂರಿಸು. ಸುಲ್ಟಾಕ್ಕೆ ಸುಲ್ಟಾ ಕೂಡಿ, ಒಳಗಾಲಿನ ನಾಲ್ಕು ಹೊಲಿಗೆ ಅಂಚು ಒಂದೇ ಬಿಂದುವಿನಲ್ಲಿ ಸೇರಬೇಕು, ಅಲ್ಲೊಂದು ಪಿನ್ನು. ಮುಂದಿನ ನಡುವಿನಿಂದ ಹಿಂದಿನ ನಡುವಿನವರೆಗೆ ಒಂದೇ ಓಟದಲ್ಲಿ ಹೊಲಿ. ಆಸನದ ಬಳುಕಿನ, ಅಂದರೆ ಹೊಲಿಗೆ ಬಾಗುವ, ಜಾಗದಲ್ಲಿ ಬಟ್ಟೆಯನ್ನು ಸ್ವಲ್ಪವೇ ಹಿಗ್ಗಿಸಿ ಹಿಡಿ, ಇಲ್ಲದಿದ್ದರೆ ಕುಳಿತಾಗ ದಾರ ಪಟ್ಟೆಂದು ಹರಿಯುತ್ತದೆ. ಅಲ್ಲಿ ⅛ ಇಂಚು ಹೊರಗೆ, ಅಂಚಿನ ಕಡೆಗೆ, ಎರಡನೇ ಹೊಲಿಗೆ ಹಾಕಿ, ಅಂಚನ್ನು ⅜ಕ್ಕೆ ಕತ್ತರಿಸು. ಬಳುಕನ್ನು ಬಿಡಿಸಿ ಇಸ್ತ್ರಿ ಮಾಡಬೇಡ, ಅದು ಎದ್ದೇ ನಿಲ್ಲಲಿ.

ಪಟ್ಟಿ 28½ಕ್ಕೆ ಮುಗಿಯಲಿ, ಜೊತೆಗೆ ಒಂದರ ಮೇಲೊಂದು ಬರಲು 1¼. ಒಳಗೆ ಬಕ್ರಂ (ಗಟ್ಟಿ ಒಳಬಟ್ಟೆ), ಬಾಯಿಗೆ ಎರಡು ಚಪ್ಪಟೆ ಕೊಕ್ಕೆ. ಪ್ಯಾಂಟಿನ ನಡು 29 ಇದೆ, ಆ ಅರ್ಧ ಇಂಚನ್ನು ಹಿಂಭಾಗದಲ್ಲಿ ಒತ್ತಿ ಕೂರಿಸು.

ಕೆಳಗಿನ ಅಂಚಿಗೆ ಅವಸರ ಮಾಡಬೇಡ. ಒಳಗಾಲಿನ ಬದಿ ಓರೆಯಾಗಿ ಕತ್ತರಿಸಿದ್ದು, ತೂಗಿದರೆ ಇಳಿಯುತ್ತದೆ. ಪಟ್ಟಿಗೆ ಕ್ಲಿಪ್ಪು ಹಾಕಿ ಒಂದು ರಾತ್ರಿ ನೇತುಹಾಕು. ಯಾವ ಚಪ್ಪಲಿಗೆ ತೊಡುತ್ತೀಯೋ ಅದನ್ನು ಮೆಟ್ಟಿಯೇ ಗುರುತು ಮಾಡು, ಹಿಂದೆ ನೆಲದಿಂದ ಅರ್ಧ ಇಂಚು ಮೇಲೆ, ಮುಂದೆ ಇನ್ನೂ ಕಾಲು ಇಂಚು ಮೇಲೆ. ಹೊರಕ್ಕೆ ಮಡಚಿದ ಕಫ್ ಬೇಕೆಂದರೆ ಬಟ್ಟೆ ಕೊಳ್ಳುವಾಗಲೇ ಕಾಲು ಮೀಟರ್ ಹೆಚ್ಚು ತಗೋ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬ್ರಿಟನ್ ಗಂಡಸರ ಪ್ಯಾಂಟಿನ ಈ ಕಫ್ಫನ್ನೇ ಬಟ್ಟೆ ಉಳಿಸಲು ನಿಷೇಧಿಸಿತ್ತು. ಕಫ್ ಬೇಡವಾದರೆ ಕೈಯಲ್ಲಿ ಹೆಮ್ಮಿಂಗ್ ಮಾಡು, ದಾರ ಬಿಗಿಯಬೇಡ, ಹೊರಗೆ ಗುಳಿ ಬೀಳುತ್ತದೆ.

ಬೆಡ್‌ಶೀಟಿನದ್ದು ಹೊಲಿದ ಕೂಡಲೇ ಹಾಕಿಕೊಂಡು ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆದು ಕಳಿಸು. ಗೆರೆ ಎಲ್ಲಿಂದ ಎಲ್ಲಿಗೆ ಎಳೆಯುತ್ತಿದೆ ನೋಡಿ ಹೇಳುತ್ತೇನೆ.

ನಿನ್ನ
ಅಮ್ಮ